ನಲವತ್ತೇಳನೇ ನಂಬರಿನ ಸಾಮೆ

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದೂಡಿದೆ. ಫಾರಂಗೆ ಹೊಸದಾಗಿ ಸೇರುವವರಿಗೆ ಓದಲು ಕೊಡಬೇಕು, ನಿಮ್ಮ ಕೆಲಸ ಹೇಗಿತ್ತು ಅಂತ ಬರೆದುಕೊಡಿ ರಾಜಣ್ಣ ಎಂದು ಅಲ್ಲಿನ ವಿಜ್ಞಾನಿ ಚೈತ್ರಾ ಮೇಡಂ ಕೇಳಿ ಎರಡು ಮುಂಗಾರು ಕಳೆದವು. ಮೊದಲ ಸಲ ಇಪ್ಪತ್ತು ಪುಟ ಬರೆದೆ. ಬನ್ನಿಮಂಟಪದ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಅದನ್ನು ಓದಿ ಚೆನ್ನಾಗಿದೆ ಎಂದಳು. ಚೆನ್ನಾಗಿಯೇ ಇತ್ತು. ಒಂದು ಸಂಗತಿ ಬಿಟ್ಟು ಎಲ್ಲವೂ ಇತ್ತು. ಅದನ್ನು ಬಿಟ್ಟು ಕೊಡಲು ಮನಸ್ಸು ಒಪ್ಪಲಿಲ್ಲ, ಸೇರಿಸಿ ಬರೆಯಲು ಕೈ ಬರಲಿಲ್ಲ. ಈಗ ಸೇರಿಸಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಅದರ ಮುಂದೆ ಓದಲಿಲ್ಲ. ಇಲವಾಲದ ದಾರಿಯಲ್ಲಿದ್ದ ಬೆಳೆ ಸಂಶೋಧನೆಯ ಫಾರಂನಲ್ಲಿ ನನಗೆ ಕ್ಷೇತ್ರ ಸಹಾಯಕನ ಕೆಲಸ ಸಿಕ್ಕಿದ್ದು ನನ್ನ ಅಕ್ಷರದಿಂದ. ಅಲ್ಲಿನ ಮುಖ್ಯಸ್ಥರಾಗಿದ್ದ ಶೇಷಗಿರಿ ಸಾಹೇಬರು ನನ್ನ ಅರ್ಜಿಯನ್ನು ಕೈಯಲ್ಲಿ ಹಿಡಿದು, "ಇದನ್ನ ನೀನೇ ಬರೆದದ್ದೋ, ಯಾರಾದರೂ ಮೇಷ್ಟ್ರು ಬರೆದುಕೊಟ್ಟರೋ?" ಎಂದು ಕೇಳಿದರು. ಅಲ್ಲೇ ಕುಳಿತು ಬರೆದು ತೋರಿಸಿದೆ. ಮರುದಿನದಿಂದ ಬಾ ಎಂದರು.

ಆಗ ಸಿರಿಧಾನ್ಯ ಎಂಬ ಚೆಂದದ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ರಾಗಿಗೆ ಮಾತ್ರ ಮರ್ಯಾದೆ. ಪೇಟೆಯಲ್ಲಿ ನವಣೆ ಕೇಳಿದರೆ ಅಂಗಡಿಯವರು, "ಎಷ್ಟು ಜೊತೆ ಹಕ್ಕಿ ಸಾಕಿದ್ದೀರಿ?" ಎನ್ನುತ್ತಿದ್ದರು. ಸಾಮೆ, ಹಾರಕ, ಬರಗು ಬೆಳೆಯುತ್ತಿದ್ದ ಹೊಲಗಳಿಗೆ ಹುಣಸೂರಿನ ಕಡೆ ಹೊಗೆಸೊಪ್ಪು ಬಂದಿತ್ತು, ಉಳಿದ ಕಡೆ ಮುಸುಕಿನ ಜೋಳ ಬಂದಿತ್ತು. ನಾವು ಆ ಹಳೆಯ ತಳಿಗಳನ್ನು ಊರೂರಿನಿಂದ ಹಿಡಿ ಹಿಡಿ ತಂದು, ಬಿತ್ತಿ, ಯಾವುದು ಏನು ಮಾಡುತ್ತದೆ ಎಂದು ಬರೆದಿಡುತ್ತಿದ್ದೆವು.

ಕೆಲಸ ನೋಡುವವರಿಗೆ ಸುಲಭ. ಒಂದೊಂದು ತಳಿಗೂ ಒಂದು ನಂಬರು. ಹೆಸರು ಹೇಳುವಂತಿಲ್ಲ, ಹೆಸರು ಗೊತ್ತಾದರೆ ಬರೆಯುವವನ ಕಣ್ಣು ವಾಲುತ್ತದೆ ಎಂದು ಸಾಹೇಬರು ಹೇಳುತ್ತಿದ್ದರು. ಒಂದೇ ನಂಬರನ್ನು ಹೊಲದ ಮೂರು ಕಡೆ, ಬೇರೆ ಬೇರೆ ಜಾಗದಲ್ಲಿ ಬಿತ್ತಬೇಕು. ಮಣ್ಣು ಒಂದು ಕಡೆ ಒಳ್ಳೆಯದಿರುತ್ತದೆ, ಒಂದು ಕಡೆ ಇರುವುದಿಲ್ಲ. ಮೂರು ಕಡೆಯೂ ಚೆನ್ನಾಗಿ ಬಂದರೆ ಅದು ತಳಿಯ ಗುಣ. ಅರ್ಧ ಗಿಡಗಳಲ್ಲಿ ತೆನೆ ಹೊರಬಂದ ದಿನ ಬರೆಯಬೇಕು. ಎತ್ತರ, ಕವಲು, ಗಾಳಿಗೆ ಬಿದ್ದದ್ದು, ನಿಂತದ್ದು, ಬೆಂಕಿ ರೋಗ ತಗುಲಿದ್ದು ಎಲ್ಲ ಬರೆಯಬೇಕು. ಕೊಯ್ಯುವಾಗ ಅಂಚಿನ ಸಾಲು ಬಿಟ್ಟು ಒಳಗಿನದನ್ನು ಕೊಯ್ದು, ಕಟ್ಟು ಕಟ್ಟಿ, ಪ್ರತಿ ಕಟ್ಟಿಗೂ ನಂಬರಿನ ಚೀಟಿ ಬಿಗಿಯಬೇಕು. ಬಡಿಯುವಾಗ ಒಂದು ಕಟ್ಟು ಮುಗಿದ ಮೇಲೆ ಕಣ ಗುಡಿಸಿ, ಟಾರ್ಪಾಲು ಕೊಡವಿ, ಆಮೇಲೆ ಇನ್ನೊಂದು. ಇದರಲ್ಲಿ ಎಲ್ಲಿ ತಪ್ಪಿದರೂ ಆ ವರ್ಷದ ಬೆವರು ವ್ಯರ್ಥ.

ಬಡ್ತಿಗಳ ವಿಷಯ ಬರೆಯುವುದಿಲ್ಲ. ಎಲ್ಲರಿಗೂ ಆಗುವಂತೆ ನನಗೂ ಆದವು. ಹೆಮ್ಮೆಯಿರುವುದು ಬೇರೆ ಕಡೆ. ಕಾಳಿನ ತೇವ ಅಳೆಯುವ ಯಂತ್ರ ಮೊದಲ ಸಲ ಬಂದಾಗ ಸಾಹೇಬರು ಹತ್ತು ಬಟ್ಟಲುಗಳಲ್ಲಿ ರಾಗಿ ಇಟ್ಟು, "ರಾಜಣ್ಣ ಹಲ್ಲಲ್ಲಿ ಕಚ್ಚಿ ಹೇಳಲಿ, ಆಮೇಲೆ ಯಂತ್ರ ಹೇಳಲಿ" ಎಂದರು. ಕಚ್ಚಿದಾಗ ಮೆತ್ತಗೆ ಅಪ್ಪಚ್ಚಿಯಾಗುವುದು ಒಂದು, ಟಕ್ಕೆಂದು ಸೀಳುವುದು ಒಂದು, ಎರಡರ ನಡುವಿನದು ಹಲವು. ಒಣಗಿದ್ದರಿಂದ ಹಸಿಯದರವರೆಗೆ ಬಟ್ಟಲುಗಳನ್ನು ಸಾಲಾಗಿ ಜೋಡಿಸಿದೆ. ಯಂತ್ರ ನನ್ನ ಒಂದೇ ಒಂದು ಬಟ್ಟಲಿನ ಜಾಗ ಬದಲಾಯಿಸಿತು. ಆ ದಿನ ಊಟಕ್ಕೆ ಕುಳಿತಾಗ ಎಲ್ಲರೂ ನನ್ನ ಹಲ್ಲುಗಳ ಆರೋಗ್ಯ ವಿಚಾರಿಸಿದರು.

ಮುದ್ದೆಯ ಪರೀಕ್ಷೆಯೂ ಇರುತ್ತಿತ್ತು. ಹೊಸ ರಾಗಿ ತಳಿ ಎಷ್ಟೇ ಇಳುವರಿ ಕೊಡಲಿ, ಮುದ್ದೆ ಕೈಗೆ ಅಂಟಿದರೆ ರೈತರು ಎರಡನೇ ವರ್ಷ ಬಿತ್ತುವುದಿಲ್ಲ. ಒಮ್ಮೆ ಉತ್ತರದ ಕಡೆಯಿಂದ ಬಂದಿದ್ದ ಅಧಿಕಾರಿಯೊಬ್ಬರು ರುಚಿ ನೋಡಲು ಕುಳಿತು ಮುದ್ದೆಯನ್ನು ಅಗಿಯತೊಡಗಿದರು. ಅಗಿದರು, ಅಗಿದರು, ಕಣ್ಣಲ್ಲಿ ನೀರು ಬಂತು. ಬಡಿಸುತ್ತಿದ್ದ ಹೆಂಗಸು ತಡೆಯಲಾರದೆ, "ನುಂಗಿ ಬುದ್ಧಿ, ಅದೇನು ಕಬ್ಬಾ?" ಎಂದುಬಿಟ್ಟಳು. ಸಾಹೇಬರು ತಮ್ಮ ನಗುವನ್ನು ಕೆಮ್ಮಿ ಮುಚ್ಚಿಕೊಂಡರು.

ಹಾಗೆ ಹೇಳಿದ ಹೆಂಗಸನ್ನು ಫಾರಂನಲ್ಲಿ ಎಲ್ಲರೂ ಕಣದಮ್ಮ ಎನ್ನುತ್ತಿದ್ದರು. ಇಲವಾಲದ ಆಚೆಯ ಹಳ್ಳಿಯಿಂದ ನಡೆದು ಬರುತ್ತಿದ್ದ ಆಳು. ನನಗಿಂತ ಹತ್ತು ವರ್ಷ ದೊಡ್ಡವರು. ಕಳೆ ತೆಗೆಯುವುದರಿಂದ ಕಣ ಗುಡಿಸುವವರೆಗೆ ಅವರ ಕೈ ಬೀಳದ ಕೆಲಸವಿರಲಿಲ್ಲ. ರಾಗಿಯ ಪೈರಿನ ನಡುವೆ ಕಾಡುರಾಗಿ ಹುಟ್ಟಿದರೆ ನಮಗೆ ತೆನೆ ಬರುವವರೆಗೂ ತಿಳಿಯುತ್ತಿರಲಿಲ್ಲ. ಅವರು ಬುಡವನ್ನು ಎರಡು ಬೆರಳಲ್ಲಿ ಒತ್ತಿ, ಚಪ್ಪಟೆಯಾಗಿದ್ದರೆ ಕಿತ್ತೆಸೆಯುತ್ತಿದ್ದರು. ನವಣೆ ಸಾಲುಗಳಿಗೆ ಗುಬ್ಬಿ ಮುತ್ತಿದ ವರ್ಷ ಸಾಹೇಬರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾಗ, "ಬುದ್ಧಿ, ಆ ಮೀಸೆ ಇರೋ ತೆನೆ ನೋಡಿ, ಒಂದ್ ಹಕ್ಕೀನೂ ಕೂತಿಲ್ಲ. ಮೂಗಿಗೆ ಚುಚ್ತದೆ ಅದಕ್ಕೆ" ಎಂದರು. ನಿಜವಾಗಿತ್ತು. ಆ ವರ್ಷದಿಂದ ನಮ್ಮ ಪುಸ್ತಕದಲ್ಲಿ ತೆನೆಯ ಮೀಸೆಗೆ ಒಂದು ಅಂಕಣ ಬಂತು. ಹೇಳಿದವರ ಹೆಸರು ಎಲ್ಲೂ ಬರಲಿಲ್ಲ.

ನನ್ನನ್ನು ಅವರು ರೈಟ್ರಪ್ಪ ಎನ್ನುತ್ತಿದ್ದರು. "ನಿಮ್ ಅಕ್ಷರ ಮುತ್ತು ಪೋಣಿಸ್ದಂಗದೆ ಕಣಿ ರೈಟ್ರಪ್ಪ. ಆದ್ರೆ ಹಕ್ಕಿಗೆ ಓದಕ್ಕೆ ಬರಾಕಿಲ್ವಲ್ಲ" ಎಂದು ಕೀಟಲೆ ಮಾಡುತ್ತಿದ್ದರು. ನಾನು ಅವರನ್ನು ನೀನು ಎಂದೇ ಕರೆಯುತ್ತಿದ್ದೆ. ಆಗ ಹಾಗೇ ರೂಢಿ, ಅದನ್ನು ಸಮರ್ಥಿಸಿಕೊಳ್ಳುವುದಿಲ್ಲ.

ಒಂದು ಬಿತ್ತನೆ ಕಾಲದಲ್ಲಿ ಅವರು ಹುಣಸೂರಿನ ಕಡೆಯ ತಮ್ಮ ತವರಿನಿಂದ ಒಂದು ಡಬ್ಬಿ ಸಾಮೆ ತಂದರು. "ಗಾಳೀಗೆ ಮಲೀಕಳದಿಲ್ಲ ಬುದ್ಧಿ ಇದು. ಕಲ್ಲುಭೂಮೀಲೂ ನಿಂತ್ಕತದೆ. ನಮ್ಮಪ್ಪನ ಕಾಲದ್ದು. ಅಣ್ಣ ಹೊಗೆಸೊಪ್ಪು ಹಾಕ್ತೀನಿ ಅಂತವನೆ, ಇನ್ನು ಅಲ್ಲಿ ಉಳಿಯಾಕಿಲ್ಲ" ಎಂದು ಸಾಹೇಬರ ಮೇಜಿನ ಮೇಲಿಟ್ಟರು. ಸಾಮೆಯ ದೊಡ್ಡ ದೋಷವೇ ಮಲಗಿಬಿಡುವುದು. ಸಾಹೇಬರಿಗೆ ಅರ್ಧ ನಂಬಿಕೆ. ನಲವತ್ತೇಳನೇ ನಂಬರು ಕೊಟ್ಟು ಮೂರು ಕಡೆ ಬಿತ್ತಿಸಿದರು.

ನಲವತ್ತೇಳು ನಿಂತಿತು. ಭಾದ್ರಪದದ ಮಳೆಗಾಳಿಗೆ ಅಕ್ಕಪಕ್ಕದ ಸಾಲುಗಳು ಚಾಪೆ ಹಾಸಿದಂತೆ ಬಿದ್ದಾಗಲೂ ಅದು ನೆಟ್ಟಗೆ ನಿಂತಿತ್ತು. ಕಾಂಡದ ಬುಡದಲ್ಲಿ ಕೆಂಪು ಬಣ್ಣ. ತೆನೆ ಉಳಿದವಕ್ಕಿಂತ ಮೊದಲೇ ಹಣ್ಣಾಯಿತು. ಇದನ್ನೆಲ್ಲ ನನ್ನ ಕೈಯಿಂದಲೇ ಬರೆದೆ. ಕಣದಮ್ಮ ದಿನಾ ಆ ಸಾಲಿನ ಬಳಿ ನಿಂತು, ಮದುವೆಗೆ ನಿಂತ ಮಗಳನ್ನು ನೋಡಿದಂತೆ ನೋಡಿ ಹೋಗುತ್ತಿದ್ದರು.

ಇನ್ನು ನನ್ನ ತಪ್ಪು. ಹೊಲದ ಚೀಟಿಯನ್ನು ಸೀಸದ ಕಡ್ಡಿಯಲ್ಲೇ, ಅಂದರೆ ಪೆನ್ಸಿಲ್ಲಿನಲ್ಲೇ ಬರೆಯಬೇಕು. ಸೇರಿದ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಶಾಯಿ ನೀರಿಗೆ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಆ ವರ್ಷದ ಆಯುಧಪೂಜೆಗೆ ಸಾಹೇಬರು ನನ್ನ ಬರಹಕ್ಕೆ ಮೆಚ್ಚಿ ಒಂದು ಶಾಯಿ ಪೆನ್ನು ಕೊಟ್ಟಿದ್ದರು. ಕೊಯ್ಲಿನ ಹೊತ್ತಿಗೆ ನನ್ನ ಮೇಲಿನವರು ಮಗಳ ಮದುವೆಗೆ ರಜೆ ಹಾಕಿದ್ದರಿಂದ ಸಾಮೆಯ ಹೊಲ ಪೂರ್ತಿ ನನ್ನ ಕೈಗೆ ಬಂತು. ಮೊದಲ ಸಲ ನನ್ನದೇ ಯಜಮಾನಿಕೆ. ಅಷ್ಟೂ ಚೀಟಿಗಳನ್ನು ನೀಲಿ ಶಾಯಿಯಲ್ಲಿ, ದುಂಡಗೆ, ಅಡಿಯಲ್ಲಿ ಒಂದೊಂದು ಗೆರೆ ಎಳೆದು ಬರೆದೆ. ನೋಡಲು ಲಗ್ನಪತ್ರಿಕೆಯಂತಿದ್ದವು.

ಕಟ್ಟುಗಳನ್ನು ಹೊಲದಲ್ಲೇ ಕ್ರಮವಾಗಿ ಜೋಡಿಸಿ ಭಾನುವಾರ ಮನೆಗೆ ಹೋದೆ. ಅಂದು ಮಧ್ಯಾಹ್ನ ಅಕಾಲದ ಜಡಿಮಳೆ ಹಿಡಿಯಿತು. ರಜೆಯ ದಿನ, ಫಾರಂನಲ್ಲಿ ಯಾರೂ ಇಲ್ಲ. ಕಣದಮ್ಮ ತಮ್ಮ ಊರಿನಿಂದ ಮಳೆಯಲ್ಲೇ ನಡೆದು ಬಂದು, ಒಬ್ಬರೇ ಅಷ್ಟೂ ಕಟ್ಟುಗಳನ್ನು ಹೊತ್ತು ಷೆಡ್ಡಿನೊಳಗೆ ಹಾಕಿದರು. ಇಲ್ಲದಿದ್ದರೆ ಕಾಳು ತೆನೆಯಲ್ಲೇ ಮೊಳೆಯುತ್ತಿತ್ತು.

ಸೋಮವಾರ ಬೆಳಿಗ್ಗೆ ನಾನು ಷೆಡ್ಡಿಗೆ ಹೋದಾಗ ಚೀಟಿಗಳ ಮೇಲೆ ನೀಲಿ ಕಲೆಗಳಿದ್ದವು. ನಿಬ್ಬಿನ ಒತ್ತು ನೋಡಿ ಹೆಚ್ಚಿನವನ್ನು ಓದಬಹುದಾಗಿತ್ತು. ಹನ್ನೊಂದು ಕಟ್ಟುಗಳ ಚೀಟಿಯಲ್ಲಿ ಏನೂ ಉಳಿದಿರಲಿಲ್ಲ. ರಾಗಿಯಾಗಿದ್ದರೆ ತೆನೆಯ ಆಕಾರ ನೋಡಿ ಗುರುತಿಸಬಹುದಿತ್ತು. ಕೊಯ್ದ ಸಾಮೆ ನಮ್ಮಂಥವರ ಕಣ್ಣಿಗೆ ಎಲ್ಲ ಒಂದೇ.

ನಾನು ಮಾಡಬೇಕಾಗಿದ್ದು ಸಾಹೇಬರ ಬಳಿ ಹೋಗಿ ಹೇಳುವುದು. ಹನ್ನೊಂದು ಕಟ್ಟುಗಳನ್ನು ಆ ವರ್ಷದ ಲೆಕ್ಕದಿಂದ ತೆಗೆದು, ಮುಂದಿನ ವರ್ಷ ಮತ್ತೆ ಬಿತ್ತುತ್ತಿದ್ದರು. ನನಗೆ ಬೈಗುಳ ಬೀಳುತ್ತಿತ್ತು. ಆದರೆ ಆಗ ನಾನಿನ್ನೂ ಖಾಯಂ ಆಗಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಹೊಸ ಚೀಟಿ ಬರೆಯಲು ಕುಳಿತೆ. ಹೊಲದಲ್ಲಿ ಜೋಡಿಸಿದ್ದ ಕ್ರಮದಲ್ಲೇ ಷೆಡ್ಡಿನಲ್ಲೂ ಇವೆ ಎಂದು ಭಾವಿಸಿ, ಸಾಲಾಗಿ ನಂಬರು ಹಾಕತೊಡಗಿದೆ.

ಕಣದಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ರೈಟ್ರಪ್ಪ, ಅದು ನಲವತ್ತೇಳಲ್ಲ ಕಣಿ."

"ಸುಮ್ನಿರು."

"ಮಳೇಲಿ ಹೊತ್ತಾಕುವಾಗ ಹಿಂದ್ಲದು ಮುಂದಕ್ಕೆ ಬಂದದೆ. ನಂದು ಆ ಮೂಲೇಲಿ ಅದೆ. ಬುಡ ನೋಡಿ, ಕೆಂಪಗದೆ."

"ನೆಂದ ಹುಲ್ಲೆಲ್ಲ ಕೆಂಪೇ."

"ನಾನು ಒಂದೊಂದೇ ಏಳ್ತೀನಿ, ನೀವು ಬರ್ಕಳಿ. ಯಾರ್ಗೂ ಗೊತ್ತಾಗಾಕಿಲ್ಲ ಬುಡಿ."

ಈ ಮಾತು ನನ್ನ ಜೀವನದಲ್ಲಿ ಯಾರಿಂದಲಾದರೂ ಸಿಕ್ಕ ಅತಿ ದೊಡ್ಡ ಸಹಾಯವಾಗಿತ್ತು. ನಾನು ಅದನ್ನು ಅವಮಾನವೆಂದು ತೆಗೆದುಕೊಂಡೆ. ಹೆಬ್ಬೆಟ್ಟು ಒತ್ತುವವಳು ಹೇಳಿ, ಎಸ್ಸೆಸ್ಸೆಲ್ಸಿ ಪಾಸಾದವನು ಬರೆದುಕೊಳ್ಳಬೇಕೆ? "ಓದಿದವನು ನಾನೋ ನೀನೋ? ಹೋಗಿ ಕಣ ಗುಡಿಸು" ಎಂದೆ. ಅವರು ಹೋಗಿ ಕಣ ಗುಡಿಸಿದರು.

ಬಡಿದು ತೂಗಿದಾಗ ನಲವತ್ತೇಳರ ಮೂರು ತೂಕಗಳು ಒಂದಕ್ಕೊಂದು ಹೊಂದಲಿಲ್ಲ. ಸಾಹೇಬರು ಪುಸ್ತಕ ಮುಂದಿಟ್ಟುಕೊಂಡು, "ಒಂದು ಕಡೆ ಆನೆ, ಎರಡು ಕಡೆ ಇಲಿ. ಇದು ಹೇಗಯ್ಯಾ? ಕಣದಲ್ಲಿ ಬೆರೆತಿದೆ. ಕಟ್ಟುಗಳನ್ನು ಯಾರು ಮುಟ್ಟಿದ್ದರು?" ಎಂದು ಕೇಳಿದರು.

"ಭಾನುವಾರ ಮಳೆ ಬಂತಲ್ಲ ಸಾರ್. ಕಣದಮ್ಮ ಎಲ್ಲಾನೂ ಎತ್ತಿ ಒಳಗೆ ಹಾಕಿದಳು" ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹಾಗಾಗಿಯೇ ಅದನ್ನು ಅಷ್ಟು ಸಲೀಸಾಗಿ ಹೇಳಲು ಸಾಧ್ಯವಾಯಿತು.

ಸಾಹೇಬರು ಒಳ್ಳೆಯವರು, ಆದರೆ ಕೋಪ ಬಂದರೆ ಎದುರಿಗೆ ಯಾರೆಂದು ನೋಡುತ್ತಿರಲಿಲ್ಲ. ಅಷ್ಟೂ ಆಳುಗಳ ಮುಂದೆ ಕಣದಮ್ಮನನ್ನು ನಿಲ್ಲಿಸಿ ಬೈದರು. ನಿನ್ನ ತವರಿನ ಬೀಜ ಗೆಲ್ಲಲಿ ಎಂದು ಕಟ್ಟು ಬದಲಾಯಿಸಿದೆಯಾ ಎಂದೂ ಕೇಳಿದರು. ಅವರು, "ನೆನೀತಿದ್ದೊ, ಒಳೀಕೆ ಮಡಗ್ದೆ. ಅಷ್ಟೇಯ ಬುದ್ಧಿ" ಎಂದರು. ಹೇಳಿ ನನ್ನ ಕಡೆ ನೋಡಿದರು. ನಾನು ಪುಸ್ತಕದ ಹಾಳೆ ತಿರುವಿದೆ.

ಅಂದಿನಿಂದ ಅವರಿಗೆ ಕಣದ ಕೆಲಸ ತಪ್ಪಿತು. ಮಣ್ಣು ಹೊರಲು ಹಾಕಿದರು. ಆ ಬೇಸಿಗೆ ಮುಗಿಯುವ ಮೊದಲೇ ಬರುವುದನ್ನು ನಿಲ್ಲಿಸಿದರು. ನಲವತ್ತೇಳನ್ನು ಬೀಜ ಶುದ್ಧವಿಲ್ಲ ಎಂಬ ಷರಾದೊಂದಿಗೆ ಪಟ್ಟಿಯಿಂದ ತೆಗೆದರು. ಆ ಷರಾ ಬರೆದದ್ದೂ ನನ್ನ ದುಂಡನೆಯ ಅಕ್ಷರವೇ. ನಾನು ಖಾಯಂ ಆದೆ.

ಆಮೇಲಿನ ಸೇವೆಯಲ್ಲಿ ನನ್ನ ಕಣದಲ್ಲಿ ಒಂದು ಕಾಳು ಬೆರೆಯಲಿಲ್ಲ. ಇದನ್ನು ಎದೆ ತಟ್ಟಿ ಹೇಳಬಲ್ಲೆ. ಹೊಸಬರ ಜೇಬಿನಲ್ಲಿ ಪೆನ್ನು ಕಂಡರೆ ಕಿತ್ತುಕೊಳ್ಳುತ್ತಿದ್ದೆ. ಹಿಂದಿನಿಂದ ನನ್ನನ್ನು ಪೆನ್ಸಿಲ್ ರಾಜಣ್ಣ ಎನ್ನುತ್ತಿದ್ದರು. ಗೊತ್ತಿತ್ತು, ಖುಷಿಯೂ ಇತ್ತು. ಆಳುಗಳಲ್ಲಿ ಯಾರಾದರೂ "ಇದು ಅದಲ್ಲ ಸಾರ್" ಎಂದರೆ ಕೆಲಸ ನಿಲ್ಲಿಸಿ ನೋಡುತ್ತಿದ್ದೆ. ನಾವು ಪರೀಕ್ಷಿಸಿದ ರಾಗಿ ತಳಿಗಳು ಇಂದೂ ಈ ಸೀಮೆಯ ಹೊಲಗಳಲ್ಲಿವೆ. ಚಾಮುಂಡಿ ಬೆಟ್ಟದ ಹಿಂಬದಿಯ ಹಳ್ಳಿಗಳಲ್ಲಿ ಬಸ್ಸಿನ ಕಿಟಕಿಯಿಂದಲೇ ಅವುಗಳ ತೆನೆ ಗುರುತಿಸುತ್ತೇನೆ. ಈಗ ಚೀಟಿಗೆ ಗೆರೆಗೆರೆಯ ಗುರುತು ಬಂದಿದೆ, ಮೊಬೈಲು ತೋರಿಸಿದರೆ ನಂಬರು ತಾನೇ ಓದುತ್ತದೆ. ಒಳ್ಳೆಯದೇ. ಆದರೆ ಕಟ್ಟಿನೊಳಗೆ ಇರುವುದು ಚೀಟಿ ಹೇಳಿದ್ದೇ ಹೌದೇ ಎಂದು ಅದು ಕೇಳುವುದಿಲ್ಲ. ಕೇಳಬೇಕಾದವರು ನೀವು.

ನಾನು ನಿವೃತ್ತನಾಗಿ ಕೆಲವು ವರ್ಷಗಳಾಗಿದ್ದವು. ಸಾಮೆಗೆ ಬೇಡಿಕೆ ಬಂದಿತ್ತು. ಹುಣಸೂರಿನ ಕಡೆ ಹೊಗೆಸೊಪ್ಪು ಬಿಡಲು ಒಪ್ಪಿದ ರೈತರಿಗೆ ಮಲಗದ ಸಾಮೆ ಬೇಕಾಗಿತ್ತು. ಹೊಸದಾಗಿ ಬಂದ ವಿಜ್ಞಾನಿ ಚೈತ್ರಾ ಮೇಡಂ ಹಳೆಯ ಪುಸ್ತಕಗಳನ್ನು ಶೋಧಿಸಿ ನನಗೆ ಫೋನು ಮಾಡಿದರು.

"ರಾಜಣ್ಣ, ನಿಮ್ಮ ಕೈಬರಹದಲ್ಲಿ ಒಂದು ನಲವತ್ತೇಳು ಇದೆ. ಬುಡ ಕೆಂಪು, ಗಾಳಿಗೆ ಬೀಳಲಿಲ್ಲ, ಬೇಗ ಬಂತು ಅಂತ ಬರೆದಿದ್ದೀರಿ. ಇಂಥಾದ್ದನ್ನ ಯಾಕೆ ತೆಗೆದುಹಾಕಿದ್ರಿ?"

"ಬೆರಕೆ ಆಗಿತ್ತು ಮೇಡಂ."

"ಬೀಜ ಎಲ್ಲಾದರೂ ಉಳಿದಿರಬಹುದಾ?"

ಮರುದಿನವೇ ಇಲವಾಲದ ಬಸ್ಸು ಹತ್ತಿದೆ. ಕಣದಮ್ಮ ಇದ್ದರು. ಬೆನ್ನು ಬಾಗಿತ್ತು. ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಚೆನ್ನಾಗಿದ್ದೀರಾ ಅಮ್ಮ?" ಎಂದೆ.

"ಅಯ್ಯೋ ರೈಟ್ರಪ್ಪ! ದೊಡ್ಡೋರ್ಗೆ ಕೊಡೋ ಮರ್ಯಾದೆ ನಂಗೂ ಬಂದ್ಬುಡ್ತಾ? ಕೂತ್ಕಳಿ."

ಸಾಮೆಯ ಮಾತೆತ್ತಿದೆ. ಅವರು ಒಳಗೆ ಹೋಗಿ ಮಣ್ಣು ಮೆತ್ತಿ ಬಾಯಿ ಮುಚ್ಚಿದ್ದ ಗಡಿಗೆ ತಂದಿಟ್ಟರು. ಫಾರಂ ಬಿಟ್ಟ ವರ್ಷ ತವರಿಗೆ ಹೋಗಿ ಉಳಿದಿದ್ದ ಬೀಜ ತಂದು, ಅಂದಿನಿಂದ ಪ್ರತಿ ವರ್ಷ ಹೊಲದ ಮೂಲೆಯಲ್ಲಿ ನಾಲ್ಕು ಸಾಲು ಬಿತ್ತುತ್ತ ಬಂದಿದ್ದರು. ಮನೆಯವರು ನಕ್ಕರೂ ಬಿಟ್ಟಿರಲಿಲ್ಲ.

"ಈಗ ಯಾವುದ್ರಲ್ಲಿ ಬರೀತೀರಿ? ಅದೇ ನೀಲಿ ಪೆನ್ನಾ?" ಎಂದರು.

"ಪೆನ್ಸಿಲ್ಲು ಕಣಮ್ಮ" ಎಂದೆ.

"ಅವತ್ತು ನಾನೇ ಸಾಯೇಬ್ರಿಗೆ ಏಳ್ಬೋದಾಗಿತ್ತು. ನಿಮ್ಗೆ ಆಗ್ತಾನೆ ಹೆಣ್ಣು ಗೊತ್ತಾಗಿತ್ತಲ್ಲ. ಕೆಲ್ಸ ಓದ್ರೆ ಯಾರು ಕೊಟ್ಟಾರು ಅಂದ್ಕಂಡು ಸುಮ್ಕಾದೆ. ನೀವೇ ಏಳ್ತೀರಿ ಅಂತ್ಲೂ ಇತ್ತು, ಇವತ್ತಲ್ಲ ನಾಳೆ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಕಾದರು. ನಾನು, "ಬೀಜ ಎಷ್ಟು ಕೊಡ್ತೀರಮ್ಮ?" ಎಂದು ಕೇಳಿದೆ. ಅವರು ಮೊರದ ಕಡೆ ತಿರುಗಿ, "ಗಡಿಗೇನೇ ತಗಂಡೋಗಿ" ಎಂದರು.

ಮುಂದಿನ ಮಳೆಗಾಲಕ್ಕೆ ಫಾರಂನಲ್ಲಿ ಅದನ್ನು ಬಿತ್ತಿದರು. ಸತತ ಮೂರು ವರ್ಷ, ಮೂರೂ ಕಡೆ ಒಂದೇ ಸಮ ಬಂತು. ಕಳೆದ ಮುಂಗಾರಿನಲ್ಲಿ ಹುಣಸೂರಿನ ಕಡೆಯ ಹೊಲಗಳಿಗೆ ಹೋಯಿತು. ನಾನು ಹೋಗಿ ನೋಡಿ ಬಂದೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಗಳ ಪಕ್ಕದಲ್ಲೇ ಕೆಂಪು ಬುಡದ ಸಾಮೆ, ಗಾಳಿಗೆ ಬಾಗಿ ಮತ್ತೆ ಏಳುತ್ತಿತ್ತು. ಅಷ್ಟು ಹೆಮ್ಮೆಯಿಂದ ನಾನು ಯಾವ ಬೆಳೆಯ ಮುಂದೆಯೂ ನಿಂತಿರಲಿಲ್ಲ. ಅದೇ ಹೆಮ್ಮೆಯಲ್ಲಿ, ರೈತರಿಗೆ ಹಂಚಿದ ಕರಪತ್ರ ಹಿಡಿದು ಕಣದಮ್ಮನ ಊರಿಗೆ ಹೋದೆ. ಈ ಸಲ ಹೇಳಿಯೇ ಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಗೌರಿ ಹಬ್ಬಕ್ಕೆ ಮೊದಲೇ ತೀರಿಕೊಂಡರು ಎಂದು ಸೊಸೆ ಹೇಳಿದರು. ಕಾಫಿ ಕೊಟ್ಟರು, ಕುಡಿದು ಬಂದೆ.

ಚೈತ್ರಾ ಮೇಡಂ, ಆ ಕರಪತ್ರದಲ್ಲಿ ತಳಿಯ ಮೂಲವನ್ನು ಹುಡುಕಿ ಉಳಿಸಿಕೊಟ್ಟವರು ಎಂಬಲ್ಲಿ ನನ್ನ ಹೆಸರು ಹಾಕಿಸಿದ್ದೀರಿ. ಪ್ರೀತಿಯಿಂದ ಮಾಡಿದ್ದೀರಿ. ಅಚ್ಚಾಗಿ ಬಂದ ದಿನ ನಾನೂ ಅದನ್ನು ಮನೆಯವರಿಗೆಲ್ಲ ತೋರಿಸಿದೆ. ಅದು ತಪ್ಪು. ಮುಂದಿನ ಸಲ ಅಚ್ಚು ಹಾಕಿಸುವಾಗ, ನಿಮ್ಮ ಕಂಪ್ಯೂಟರಿನಲ್ಲೂ, ಫಾರಂನ ಫಲಕದಲ್ಲೂ ನನ್ನ ಹೆಸರನ್ನು ತೆಗೆಸಿ. ಹೊಸಬರಿಗೆ ಇದನ್ನು ಓದಿಸುವುದಾದರೆ ಈ ಭಾಗವನ್ನೂ ಸೇರಿಸಿಯೇ ಓದಿಸಿ. ಅಲ್ಲಿ ಬರೆಯಬೇಕಾದ ಹೆಸರು ಹಾಜರಿ ಪುಸ್ತಕ ಹಿಡಿದು ನಾನೇ ದಿನಾ ಕೂಗುತ್ತಿದ್ದ ಹೆಸರು: ಪುಟ್ಟಮಾದಮ್ಮ.